ರಾಟೆ, ಒನಕೆ, ಸಂಚಿ

ಹಿಂದಿನ ಕಾಲದ ಹೆಂಗಸರು ಹೇಗೆ ಬದುಕಿದ್ದರೆಂದು ಯಾರಾದರೂ ಕೇಳಿದರೆ ನಮಗೆ ಥಟ್ಟನೆ ನೆನಪಾಗುವವರು ರಾಣಿಯರು. ಕೋಟೆ ಕಾದವರು, ಗುಡಿ ಕಟ್ಟಿಸಿದವರು. ಅವರ ಹೆಸರು ಕಲ್ಲಿನ ಮೇಲಿದೆ, ಅಳಿಯುವ ಭಯವಿಲ್ಲ. ಆದರೆ ಆ ಗುಡಿಯ ಮುಂದಿನ ಅಂಗಳ ಗುಡಿಸಿದವಳು, ನೈವೇದ್ಯಕ್ಕೆ ಭತ್ತ ಕುಟ್ಟಿದವಳು ಎಲ್ಲಿ ಸಿಕ್ಕಾಳು? ಅವಳನ್ನು ಹುಡುಕಲು ಹೊರಟರೆ ಹಳೆಯ ಹೊತ್ತಗೆಗಳನ್ನು ಬೇರೊಂದು ಕಣ್ಣಿನಿಂದ ಓದಬೇಕಾಗುತ್ತದೆ.

ಅಡಿಗೆಮನೆಯಲ್ಲಿ ಸಿಕ್ಕಾಳು ಎನ್ನುವಿರಾ? 16ನೆಯ ಶತಮಾನದ ಮೂರನೆಯ ಮಂಗರಸ ಅಡಿಗೆಯ ಮೇಲೆಯೇ ‘ಸೂಪಶಾಸ್ತ್ರ’ವೆಂಬ ಗ್ರಂಥವನ್ನು ಪದ್ಯದಲ್ಲಿ ಬರೆದ. ಅದರ ಬದನೆಕಾಯಿಯ ಬಗೆಬಗೆಯ ಪಾಕಗಳನ್ನು ಓದಿದರೆ ಈಗಲೂ ಬಾಯಲ್ಲಿ ನೀರೂರುತ್ತದೆ. ಆದರೂ ಅದು ಕವಿ ಹೇಳಿದ ಅಡಿಗೆ. ಒಲೆ ಊದಿ ಕಣ್ಣೊರೆಸಿಕೊಂಡವಳು ಹೇಳಿದ್ದಲ್ಲ.

ಅವಳೇ ಮಾತನಾಡುವುದನ್ನು ಕೇಳಬೇಕಾದರೆ 12ನೆಯ ಶತಮಾನದ ಶರಣೆಯರ ಬಳಿಗೆ ಹೋಗಬೇಕು. ಅಕ್ಕಮಹಾದೇವಿಯನ್ನು ಎಲ್ಲರೂ ಬಲ್ಲಿರಿ. ಆಕೆಯ ಜೊತೆಯವರ ಹೆಸರುಗಳನ್ನು ಒಮ್ಮೆ ನಿಧಾನವಾಗಿ ಹೇಳಿನೋಡಿ: ಕೊಟ್ಟಣದ ಸೋಮಮ್ಮ, ಆಯ್ದಕ್ಕಿ ಲಕ್ಕಮ್ಮ, ಮೋಳಿಗೆ ಮಹಾದೇವಿ, ಕದಿರೆ ರೆಮ್ಮವ್ವೆ. ಕೊಟ್ಟಣವೆಂದರೆ ಭತ್ತ ಕುಟ್ಟುವ ಕೆಲಸ, ಮೋಳಿಗೆಯೆಂದರೆ ಸೌದೆಯ ಹೊರೆ, ಕದಿರು ರಾಟೆಯದು. ನಮ್ಮ ಹೆಸರಿನ ಹಿಂದೆ ಊರೋ ಮನೆತನವೋ ಇರುವಂತೆ ಇವರ ಹೆಸರಿನ ಹಿಂದೆ ಇವರ ದುಡಿಮೆ ನಿಂತಿದೆ.

ಲಕ್ಕಮ್ಮನ ಕಥೆ ನಿಮಗೆ ಗೊತ್ತಿರಬಹುದು. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಗಂಡ ಮಾರಯ್ಯನ ಕಾಯಕ. ಒಂದು ದಿನ ಆತ ಎಂದಿಗಿಂತ ಹೆಚ್ಚು ತಂದಾಗ, ಇದು ನಮಗೆ ಬೇಡ, ಇದ್ದಲ್ಲಿಯೇ ಸುರಿದು ಬನ್ನಿ ಎಂದಳಂತೆ. ಇಂದಿನ ಅಕ್ಕಿಯ ಅಳತೆ ಅವಳಿಗೆ ಗೊತ್ತಿತ್ತು, ಗಂಡನಿಗಿರಲಿಲ್ಲ! ಆದರೆ ಈ ಪ್ರಸಂಗವನ್ನು ವಿಸ್ತಾರವಾಗಿ ಹೇಳುವ ‘ಶೂನ್ಯಸಂಪಾದನೆ’ 15ನೆಯ ಶತಮಾನದ ಗ್ರಂಥ. ಸುಮಾರು 300 ವರ್ಷಗಳ ಅಂತರವಿದೆ. ಕೇಳುವಾಗ ಅದು ನೆನಪಿನಲ್ಲಿರಲಿ.

ನನ್ನನ್ನು ಬಹಳ ಕಾಡಿದವಳು ರೆಮ್ಮವ್ವೆ. ಅವಳದೊಂದು ವಚನದಲ್ಲಿ ರಾಟೆಯೇ ಪ್ರಪಂಚ. ಅಡಿಯ ಹಲಗೆ ಒಬ್ಬ ದೇವರು, ಮೇಲಿನ ಭಾಗಗಳು ಇನ್ನಿಬ್ಬರು. ಕದಿರು ಅರಿವು, ತಿರುಗಿಸುವ ಕೈ ಭಕ್ತಿ. ನೂಲು ಸುತ್ತಿ ಸುತ್ತಿ ಕದಿರು ತುಂಬುತ್ತದೆ. ಇಷ್ಟಾದ ಮೇಲೆ ಇದ್ದಕ್ಕಿದ್ದಂತೆ, ಇನ್ನು ತಿರುಗಿಸಲಾರೆ, ಗಂಡ ಹೊಡೆದಾನು ಎಂಬರ್ಥದ ಮಾತು ಬರುತ್ತದೆ.

ಈ ಮಾತನ್ನು ಏನು ಮಾಡೋಣ? ಶರಣರ ಮಾತಿನಲ್ಲಿ ಗಂಡನೆಂದರೆ ಎಷ್ಟೋ ಸಲ ಶಿವನೇ. ಆದ್ದರಿಂದ ಇದು ಬೆಡಗು, ಒಳ ಅರ್ಥ ಬೇರೆ ಎಂದು ಪಂಡಿತರು ಹೇಳಬಹುದು. ಅಲ್ಲವೆನ್ನಲು ನನಗೆ ಧೈರ್ಯವಿಲ್ಲ. ಆದರೆ ಉಪಮೆ ಆಕಾಶದಿಂದ ಬೀಳುವುದಿಲ್ಲ. ಹಲಗೆ, ಕದಿರು, ನೂಲು ಇವೆಲ್ಲ ನಿಜವಾದ ಮನೆಯಿಂದ ಬಂದವೆಂದು ಒಪ್ಪಿದ ಮೇಲೆ ಆ ಪೆಟ್ಟಿನ ಭಯವೊಂದು ಮಾತ್ರ ಎಲ್ಲಿಂದ ಬಂತು? ಎರಡು ಅರ್ಥವನ್ನೂ ಕೈಯಲ್ಲಿ ಹಿಡಿದುಕೊಂಡು ಓದುವುದೇ ಲೇಸೆಂದು ನನಗೆ ತೋರುತ್ತದೆ. ಇಂಥ ವಚನಗಳು ಬಹುಕಾಲ ತಾಡವೋಲೆಯ ಕಟ್ಟುಗಳಲ್ಲಿದ್ದವು. ವಿಜಾಪುರದ ವಕೀಲ ಫ. ಗು. ಹಳಕಟ್ಟಿಯವರು ಮನೆಮನೆಗೆ ತಿರುಗಿ ಅಂಥ ಓಲೆಗಳನ್ನು ಕಲೆಹಾಕಿ, 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಅಚ್ಚು ಹಾಕಿಸಿದರು.

ಇನ್ನು ಹೊನ್ನಮ್ಮ. 1673ರಿಂದ 1704ರವರೆಗೆ ಮೈಸೂರನ್ನಾಳಿದ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆಯಡಿಕೆಯ ಸಂಚಿ ಹಿಡಿಯುವ ಊಳಿಗದವಳು. ಅದರಿಂದಲೇ ಸಂಚಿಯ ಹೊನ್ನಮ್ಮ. ಅವಳ ‘ಹದಿಬದೆಯ ಧರ್ಮ’ ಸಾಂಗತ್ಯದಲ್ಲಿದೆ. ಹೆಸರೇ ಹೇಳುವಂತೆ ಪತಿವ್ರತೆಯ ನಡೆ ಹೇಗಿರಬೇಕೆಂದು ಬೋಧಿಸುವ ಪುಸ್ತಕ. ಇಂದಿನ ಹೆಣ್ಣುಮಕ್ಕಳು ನಾಲ್ಕು ಪದ್ಯ ಓದಿ ಮುಚ್ಚಿಟ್ಟರೆ ನಾನು ತಪ್ಪೆಣಿಸಲಾರೆ. ಮುಚ್ಚದೆ ಮುಂದೆ ಓದಿದವರಿಗೆ ಒಂದು ಕಡೆ ದನಿ ಬದಲಾಗುವುದು ಕೇಳಿಸುತ್ತದೆ. ಹೆತ್ತು ಸಾಕಿದವಳೂ ಹೆಣ್ಣಲ್ಲವೆ, ಹೆಣ್ಣೆಂದು ಹೀಗಳೆಯುವವರಿಗೆ ಕಣ್ಣಿಲ್ಲವೆ ಎಂದು ಅವಳು ಕೇಳುತ್ತಾಳೆ. ಅರಮನೆಯ ಊಳಿಗದಲ್ಲಿದ್ದುಕೊಂಡೇ, ವಿಧೇಯತೆಯನ್ನು ಬೋಧಿಸುವ ಪುಸ್ತಕದ ನಡುವೆಯೇ, ಆ ಮಾತನ್ನು ಬರೆದಿಟ್ಟಳು.