ಸ್ಯಾಮಿಯ ಬೀಲ್ಝೆಬಬ್

ಬ್ರಿಟನ್ನಿನ ವೆಟರನ್ ಕಾರ್ ಕ್ಲಬ್ 1930ರಲ್ಲಿ ಹುಟ್ಟಿತು. ಸ್ಥಾಪಕರಲ್ಲಿ ಒಬ್ಬರು ಸ್ಯಾಮಿ ಡೇವಿಸ್; ವೃತ್ತಿಯಿಂದ ಪತ್ರಕರ್ತರು, ಹುಚ್ಚು ಮಾತ್ರ ಕಾರಿನದು.

1927ರ ಲ ಮಾನ್ 24 ಗಂಟೆಗಳ ಓಟ. ರಸ್ತೆಗೆ ಅಡ್ಡಬಿದ್ದ ಕಾರುಗಳಿಗೆ ಅವರ ಬೆಂಟ್ಲಿ ಗುದ್ದಿತು. ದೀಪ ಒಡೆಯಿತು, ಚಾಸಿ ಬಾಗಿತು. ಡೇವಿಸ್ ಬಿಡಬೇಕಲ್ಲ! ಜೊತೆಗಾರ ಡಾಕ್ಟರ್ ಬೆಂಜಾಫೀಲ್ಡ್ ಜೊತೆ ಸರದಿಯಲ್ಲಿ ಓಡಿಸಿ ಗೆದ್ದೇಬಿಟ್ಟರು.

ಇಂಥ ವೇಗದ ಮನುಷ್ಯ ಮುದ್ದಿನಿಂದ ಸಾಕಿದ್ದು 1897ರ ಮೂರು ಗಾಲಿಯ ಲಿಯೋನ್ ಬೊಲ್ಲೆಯನ್ನು. ಅದಕ್ಕೆ ಸೈತಾನನ ಹೆಸರು, ಬೀಲ್ಝೆಬಬ್! ಬರ್ನರ್ ಹಚ್ಚಿ, ಕೊಳವೆ ಕೆಂಪಗೆ ಕಾಯಿಸಿ ಹೊರಡಿಸಬೇಕಾದ ಗಾಡಿಗೆ ಆ ಹೆಸರು ಅತಿಯೇನಲ್ಲ.

ಡೇವಿಸ್ 1981ರಲ್ಲಿ ತೀರಿಕೊಂಡರು. ಅವರು ಬೀಲ್ಝೆಬಬ್ ಓಡಿಸುತ್ತಿದ್ದ ಲಂಡನ್–ಬ್ರೈಟನ್ ಯಾತ್ರೆಗೆ ಪ್ರತಿ ನವೆಂಬರ್‌ನಲ್ಲಿ ಹಳೆಯ ಗಾಡಿಗಳು ಹೈಡ್ ಪಾರ್ಕ್‌ನಿಂದ ನಸುಕಿನಲ್ಲೇ ಹೊರಡುತ್ತವೆ. ಹೆಚ್ಚಿನವು 1905ಕ್ಕಿಂತ ಹಿಂದಿನವು.