ತಾಯಿಯ ಮೈಕಟ್ಟು ಮತ್ತು ಗರ್ಭದಲ್ಲಿನ ಮಗುವಿನ ಬೆಳವಣಿಗೆ

(ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣ)



ತಾಯಿಯ ಮಡಿಲೇ ಮಗುವಿನ ಮೊದಲ ಪಾಠಶಾಲೆ ಎಂದು ಇಂತಹ ಸಭೆಗಳಲ್ಲಿ ಹೇಳುತ್ತಲೇ ಬಂದಿದ್ದೇವೆ. ಆದರೆ ಮಡಿಲಿಗೆ ಬರುವ ಮುನ್ನ ಮಗು ಒಂಬತ್ತು ತಿಂಗಳು ತಾಯಿಯ ಒಡಲಿನಲ್ಲಿ ಬೆಳೆದಿರುತ್ತದೆ. ಆ ಬೆಳವಣಿಗೆಗೂ ತಾಯಿಯ ಎತ್ತರ, ತೂಕಗಳಿಗೂ ಇರುವ ಸಂಬಂಧದ ಕುರಿತು ನಾಲ್ಕು ಮಾತು ಹೇಳಲು ಇಚ್ಛಿಸುತ್ತೇನೆ. ನಾನು ವೈದ್ಯೆಯಲ್ಲ, ಭಾಷೆ ಕಲಿಸುವ ಶಿಕ್ಷಕಿ. ಆದರೂ ಇದು ನನ್ನ ತರಗತಿಯ ಹೆಣ್ಣುಮಕ್ಕಳ ವಿಷಯವಾದ್ದರಿಂದ ಆರಿಸಿಕೊಂಡಿದ್ದೇನೆ.

ಮೊದಲಿಗೆ ಒಂದು ಪ್ರಯೋಗ. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ವಾಲ್ಟನ್ ಮತ್ತು ಹ್ಯಾಮಂಡ್ ಎಂಬ ವಿಜ್ಞಾನಿಗಳು ಭಾರಿ ಗಾತ್ರದ ಶೈರ್ ಕುದುರೆಗೂ ಪುಟ್ಟ ಶೆಟ್‌ಲ್ಯಾಂಡ್ ಕುದುರೆಗೂ ಮಿಶ್ರತಳಿ ಮಾಡಿಸಿ, 1938ರಲ್ಲಿ ಫಲಿತಾಂಶ ಪ್ರಕಟಿಸಿದರು. ತಾಯಿ ಶೈರ್ ಆಗಿದ್ದಾಗ ಹುಟ್ಟಿದ ಮರಿ, ತಾಯಿ ಶೆಟ್‌ಲ್ಯಾಂಡ್ ಆಗಿದ್ದಾಗ ಹುಟ್ಟಿದ ಮರಿಗಿಂತ ಸುಮಾರು ಮೂರು ಪಟ್ಟು ದೊಡ್ಡದಾಗಿತ್ತು. ಎರಡಕ್ಕೂ ತಂದೆ-ತಾಯಿಯರ ತಳಿಗಳು ಅವೇ. ವ್ಯತ್ಯಾಸವಿದ್ದುದು ಬೆಳೆದ ಒಡಲಿನಲ್ಲಿ.

ಮನುಷ್ಯರಲ್ಲಿ ವ್ಯತ್ಯಾಸ ಇಷ್ಟು ದೊಡ್ಡದಲ್ಲ, ಆದರೆ ನಿಯಮ ಅದೇ. ತಂದೆಯ ಎತ್ತರವೂ ಮಗುವಿಗೆ ಬರುತ್ತದೆ. ಆದರೆ ಹುಟ್ಟುವಾಗಿನ ಗಾತ್ರಕ್ಕೆ ಮಿತಿ ಹಾಕುವುದು ಹೆಚ್ಚಾಗಿ ತಾಯಿಯ ದೇಹ. ಮಗುವಿಗೆ ಆಹಾರ, ಆಮ್ಲಜನಕ ಎರಡೂ ಮಾಸಿನ ಮೂಲಕ ತಾಯಿಯ ರಕ್ತದಿಂದಲೇ ಸಿಗಬೇಕು. ತಾಯಿ ತೀರಾ ಕೃಶಳಾಗಿದ್ದರೆ, ರಕ್ತಹೀನತೆ ಇದ್ದರೆ, ಆ ಪೂರೈಕೆ ಕುಗ್ಗುತ್ತದೆ. ಎರಡೂವರೆ ಕಿಲೋಗಿಂತ ಕಡಿಮೆ ತೂಕದ ಮಗುವನ್ನು ವೈದ್ಯರು ಕಡಿಮೆ ತೂಕದ ಶಿಶು ಎನ್ನುತ್ತಾರೆ.

ಇದರ ಪರಿಣಾಮ ತೊಟ್ಟಿಲಿಗೇ ಮುಗಿಯುವುದಿಲ್ಲ ಎಂಬುದಕ್ಕೆ ನಮ್ಮ ಮೈಸೂರೇ ಸಾಕ್ಷಿ. ಅಲ್ಲಿನ ಹೋಲ್ಡ್ಸ್‌ವರ್ತ್ ಸ್ಮಾರಕ ಮಿಷನ್ ಆಸ್ಪತ್ರೆಯಲ್ಲಿ ಹಿಂದಿನಿಂದಲೂ ಶಿಶುಗಳ ಅಳತೆಗಳನ್ನು ಬರೆದಿಟ್ಟಿದ್ದರು. ಅಲ್ಲಿ 1934ರಿಂದ 1954ರ ನಡುವೆ ಹುಟ್ಟಿದ 517 ಮಂದಿಯನ್ನು ಪರೀಕ್ಷಿಸಿದ ವರದಿ 1996ರಲ್ಲಿ ಪ್ರಕಟವಾಯಿತು. ಹುಟ್ಟುವಾಗ 3.1 ಕಿಲೋಗಿಂತ ಹೆಚ್ಚಿದ್ದವರಲ್ಲಿ ಶೇ. 3ರಷ್ಟು ಜನರಿಗೆ ಹೃದಯದ ರಕ್ತನಾಳಗಳ ಕಾಯಿಲೆಯಿದ್ದರೆ, ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆಯಿದ್ದವರಲ್ಲಿ ಅದು ಶೇ. 11. ಹೀಗೆ ಕಡಿಮೆ ತೂಕದಲ್ಲಿ ಹುಟ್ಟಿ, ಗರ್ಭಿಣಿಯಾಗಿದ್ದಾಗ ತಾಯಿಯೂ 45 ಕಿಲೋಗಿಂತ ಕಡಿಮೆ ತೂಗಿದ್ದರೆ ಶೇ. 20!

ಹಾಗೆಂದು ತಾಯಿ ದಪ್ಪವಾದಷ್ಟೂ ಒಳ್ಳೆಯದೆಂದು ಭಾವಿಸಬಾರದು. ಅತಿ ತೂಕದವರಲ್ಲಿ ಗರ್ಭಾವಸ್ಥೆಯ ಮಧುಮೇಹದ ಭಯ ಹೆಚ್ಚು. ತಾಯಿಯ ರಕ್ತದ ಹೆಚ್ಚುವರಿ ಸಕ್ಕರೆ ಮಗುವಿಗೂ ಹರಿದು, ಮಗು ಅತಿಯಾಗಿ ದಪ್ಪವಾಗಿ ಹೆರಿಗೆ ಕಷ್ಟವಾಗಬಹುದು. 'ಮಗು ದೊಡ್ಡದಾದರೆ ಹೆರಿಗೆ ಕಷ್ಟ' ಎಂದು ಹೆದರಿ ತೆಳ್ಳಗಿರುವ ಬಸುರಿಯರೂ ಊಟ ಕಡಿಮೆ ಮಾಡುವುದುಂಟು. ಅದು ಸಲ್ಲದು. ಯಾರಿಗೆ ಎಷ್ಟು ತೂಕ ಏರಬೇಕೆಂಬುದನ್ನು ಪರೀಕ್ಷಿಸಿದ ವೈದ್ಯರೇ ಹೇಳಲಿ.

ಮಗು ಸಣ್ಣದಾಗಿ ಹುಟ್ಟಿದರೆ ಸೊಸೆಯನ್ನು ದೂರುವ ಮನೆಗಳಿವೆ. ಸ್ವಲ್ಪ ಯೋಚಿಸಿ: ಅವಳ ಎತ್ತರ ನಿಂತುಹೋದದ್ದು ಹರೆಯದಲ್ಲಿ, ಅವಳ ತವರಿನಲ್ಲಿ. ಅವಳು ಹುಟ್ಟಿದ್ದೂ ಒಬ್ಬ ಕೃಶ ತಾಯಿಯ ಹೊಟ್ಟೆಯಲ್ಲಿರಬಹುದು. ಒಂಬತ್ತು ತಿಂಗಳ ಆರೈಕೆ ಖಂಡಿತ ಬೇಕು, ಆದರೆ ಆರೈಕೆ ಆರಂಭವಾಗಬೇಕಾದದ್ದು ಹತ್ತು ವರ್ಷ ಮೊದಲು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ (2019-21) ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ. 47.8ರಷ್ಟು ಮಂದಿಗೆ ರಕ್ತಹೀನತೆಯಿತ್ತು.

ಆದ್ದರಿಂದ ಪಾಲಕರಲ್ಲಿ ನನ್ನ ವಿನಂತಿ: ಮಗನ ತಟ್ಟೆಗೆ ಬೀಳುವ ಮೊಟ್ಟೆ, ಮಾಂಸ, ಬೇಳೆ, ಹಾಲು ಮಗಳ ತಟ್ಟೆಗೂ ಬೀಳಲಿ. ಎಲ್ಲರೂ ಉಂಡ ಮೇಲೆ ಉಳಿದದ್ದು ಅವಳ ಪಾಲು ಎಂಬ ರೂಢಿ ತಪ್ಪಲಿ. ಓದನ್ನು ಬಿಡಿಸಿ ಬೇಗ ಮದುವೆ ಮಾಡಬೇಡಿ. ಇನ್ನೂ ಬೆಳೆಯುತ್ತಿರುವ ಹುಡುಗಿ ಬಸುರಿಯಾದರೆ, ಒಂದೇ ತುತ್ತಿಗೆ ಬೆಳೆಯುವ ಜೀವ ಎರಡಾಗುತ್ತವೆ. ವಿದ್ಯಾರ್ಥಿನಿಯರೇ, ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣಾಂಶದ ಮಾತ್ರೆಯನ್ನು ಕಿಟಕಿಯಾಚೆ ಎಸೆಯಬೇಡಿ, ಊಟವಾದ ಮೇಲೆ ನುಂಗಿ. ಬೆಳಗಿನ ತಿಂಡಿ ಬಿಟ್ಟು ಶಾಲೆಗೆ ಬರಬೇಡಿ.

ಇಂದು ನಿಮ್ಮ ಮನೆಯ ಹುಡುಗಿಗೆ ಬಡಿಸುವ ಊಟದಲ್ಲಿ ಮುಂದಿನ ಪೀಳಿಗೆಯ ಪಾಲೂ ಇದೆ ಎಂದು ನೆನಪಿಸಿ, ನನ್ನ ಮಾತುಗಳನ್ನು ಮುಗಿಸುತ್ತೇನೆ.