‘ಒಪ್ಪಲಿಲ್ಲ’ ಅಂತ ನಾನೇ ಬರೆದಿದ್ದೆ

ನಾನು ಬೆಂಗಳೂರಿನಲ್ಲಿ ಎಂಟು ವರ್ಷದಿಂದ ಆಶಾ ಕಾರ್ಯಕರ್ತೆ. ನನ್ನ ಏರಿಯಾದಲ್ಲಿ ದೊಡ್ಡ ಅಪಾರ್ಟ್‌ಮೆಂಟ್‌ಗಳಿವೆ. ಅವುಗಳ ಹಿಂದೆ, ಖಾಲಿ ಸೈಟುಗಳಲ್ಲಿ, ನೀಲಿ ಟಾರ್ಪಾಲಿನ ಶೆಡ್‌ಗಳೂ ಇವೆ. ಅಲ್ಲಿರೋರಲ್ಲಿ ಹೆಚ್ಚಿನವರು ಯಾದಗಿರಿ, ರಾಯಚೂರು ಕಡೆಯಿಂದ ಗಾರೆ ಕೆಲಸಕ್ಕೆ ಬಂದವರು. ಇವರ ಮಕ್ಕಳಿಗೆ ಲಸಿಕೆ ಯಾಕೆ ತಪ್ಪುತ್ತೆ ಅಂತ ಕೇಳಿದರೆ, ‘ತಿಳಿವಳಿಕೆ ಇಲ್ಲ’ ಅಂತಾರೆ. ನಾನೂ ಹಾಗೇ ಅಂದುಕೊಂಡಿದ್ದೆ.

ಒಬ್ಬ ತಾಯಿ ಮಗುವಿಗೆ ಒಂದೂವರೆ ತಿಂಗಳಿನ ಪೆಂಟಾ ಹಾಕಿಸಿದ್ದಳು. ಎರಡೂವರೆ ತಿಂಗಳಿನದಕ್ಕೆ ಬರಲಿಲ್ಲ. ಎರಡು ಸಲ ಹೋಗಿ ಕರೆದೆ, ಬೈದೆ. ಕೊನೆಗೆ ಪುಸ್ತಕದಲ್ಲಿ ‘ಒಪ್ಪಲಿಲ್ಲ’ ಅಂತ ಬರೆದುಬಿಟ್ಟೆ. ಆ ಮಗುವಿಗೆ ಒಂಬತ್ತು ತಿಂಗಳಿನ ದಡಾರ-ರುಬೆಲ್ಲಾ ಲಸಿಕೆಯೂ ಬೀಳಲಿಲ್ಲ. ಹನ್ನೊಂದನೇ ತಿಂಗಳಲ್ಲಿ ಮೈತುಂಬ ಗುಳ್ಳೆ. ದಡಾರ. ಅದರ ಮೇಲೆ ನ್ಯುಮೋನಿಯಾ. ಆಸ್ಪತ್ರೆಯಲ್ಲಿ ಆರು ದಿನ ಇದ್ದು ಮಗು ಉಳಿಯಿತು.

ವಾರ್ಡಿನ ಹೊರಗೆ ಕೂತಿದ್ದಾಗ ಅವಳು ಹೇಳಿದಳು: “ಅಕ್ಕಾರ, ಮೊದಲ ಸೂಜಿ ಹಾಕಿಸಿದಾಗ ಕೂಸಿಗಿ ಎರಡು ದಿನ ಜ್ವರ ಬಂತ್ರಿ. ನಾ ಕೆಲಸಕ್ಕ ಹೋಗಲಿಲ್ಲ. ಪಗಾರ ಹೋಯ್ತು. ಮತ್ತ ಹಾಕಿಸಿದ್ರ ಮತ್ತ ಪಗಾರ ಹೋಗ್ತದ ಅಂತ ಸುಮ್ನಾದೆ. ಬ್ಯಾಡ ಅಂತ ನಾ ಯಾವಾಗ ಅಂದೀನ್ರಿ?”

ಹೌದು, ಅವಳು ಬೇಡ ಅಂದಿರಲೇ ಇಲ್ಲ. ಜ್ವರ ಬರಬಹುದು, ಅದು ಒಂದೆರಡು ದಿನದಲ್ಲಿ ಇಳಿಯುತ್ತೆ, ಇಷ್ಟು ಪ್ಯಾರಾಸಿಟಮಾಲ್ ಕೊಡಿ ಅಂತ ಮೊದಲ ದಿನವೇ ಕೂತು ಹೇಳಬೇಕಾಗಿದ್ದವಳು ನಾನು.

ಆಮೇಲೆ ಒಂದೊಂದೇ ಗಮನಕ್ಕೆ ಬಂತು. ನಮ್ಮ ಲಸಿಕೆ ದಿನ ಗುರುವಾರ, ಹಗಲು ಹೊತ್ತು. ಕೂಲಿಯವರಿಗೆ ಅದು ಕೆಲಸದ ಹೊತ್ತು. ಶೆಡ್‌ಗೆ ಮನೆ ನಂಬರ್ ಇಲ್ಲ, ಹಾಗಾಗಿ ನಮ್ಮ ಸರ್ವೆಯಲ್ಲಿ ಬಿಟ್ಟುಹೋಗುತ್ತೆ. ಕಟ್ಟಡ ಮುಗಿದರೆ ಶೆಡ್ಡೇ ಬೇರೆ ಕಡೆ ಹೋಗುತ್ತೆ. ಹೆರಿಗೆ ಊರಲ್ಲಿ, ತಾಯಿ ಕಾರ್ಡ್ ಅಲ್ಲೇ ಟ್ರಂಕಿನಲ್ಲಿ. ಕಾರ್ಡ್ ಇಲ್ಲದೆ ಹೋದರೆ ಬೈತಾರೆ ಅನ್ನೋ ಹೆದರಿಕೆ. ತಡವಾದರೆ ಮೊದಲಿಂದ ಹಾಕಿಸಬೇಕು ಅಂತ ತಪ್ಪು ತಿಳಿದವರೂ ಇದ್ದಾರೆ. ಹಾಗೇನಿಲ್ಲ, ನಿಂತಲ್ಲಿಂದ ಮುಂದುವರಿಸಬಹುದು. ದಡಾರದ ಲಸಿಕೆ ತಪ್ಪಿದ್ದರೆ ಐದು ವರ್ಷ ತುಂಬುವವರೆಗೂ ಸರ್ಕಾರಿ ಕೇಂದ್ರದಲ್ಲಿ ಉಚಿತವಾಗಿ ಹಾಕ್ತಾರೆ.

ದಡಾರ ಗಾಳಿಯಲ್ಲಿ ಹರಡೋ ಕಾಯಿಲೆ. ಒಂದೇ ಗೋಡೆಗೆ ಹತ್ತು ಶೆಡ್ ಅಂಟಿಕೊಂಡಿರುವ ಕಡೆ ಅದನ್ನು ತಡೆಯೋದು ಕಷ್ಟ. 2022ರ ಕೊನೆಯಲ್ಲಿ ಮುಂಬೈನ ಗೋವಂಡಿಯಂಥ ಕಡೆ ದಡಾರ ಹಬ್ಬಿ ಮಕ್ಕಳು ತೀರಿಕೊಂಡರು.

ಈಗ ನಾನು ಶೆಡ್‌ಗಳಿಗೆ ಸಂಜೆ ಏಳರ ಮೇಲೆ ಹೋಗ್ತೀನಿ. ಅಪ್ಪ, ಅತ್ತೆ ಎಲ್ಲರೂ ಇರ್ತಾರೆ. ಕಾರ್ಡಿನ ಫೋಟೊ ಅವರ ಮೊಬೈಲ್‌ನಲ್ಲೂ ನನ್ನ ಮೊಬೈಲ್‌ನಲ್ಲೂ ಇರುತ್ತೆ. ಮೇಸ್ತ್ರಿ ಹತ್ತಿರ ಮಾತಾಡಿ, ನರ್ಸ್ ಸಿಸ್ಟರನ್ನು ಒಪ್ಪಿಸಿ, ಬೆಳಗ್ಗೆ ಕೆಲಸ ಶುರುವಾಗೋ ಮುಂಚೆ ಸೈಟಿನಲ್ಲೇ ಲಸಿಕೆ ಹಾಕಿಸಿದ್ದೂ ಇದೆ. ಲಸಿಕೆ ಹಾಕಿದ ರಾತ್ರಿ ಒಂದು ಫೋನ್ ಮಾಡ್ತೀನಿ, ‘ಜ್ವರ ಬಂತಾ?’ ಅಂತ. ಆ ಫೋನ್ ಮಾಡಿದ ಮನೆಯವರು ಮುಂದಿನ ಸಲ ತಾವೇ ಬರ್ತಾರೆ.

ಕೇಳ್ತಾ ಇರೋ ನಿಮ್ಮಲ್ಲಿ ಯಾರಾದರೂ ಮನೆ ಕಟ್ಟಿಸ್ತಾ ಇದ್ದರೆ ಒಂದು ಕೆಲಸ ಮಾಡಿ. ಸೈಟಿನಲ್ಲಿ ಐದು ವರ್ಷದೊಳಗಿನ ಮಕ್ಕಳಿದ್ದಾರಾ ನೋಡಿ, ಹತ್ತಿರದ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಲಸಿಕೆಯ ದಿನ ಆ ತಾಯಿಗೆ ಕೂಲಿ ಕಡಿಯದೆ ಅರ್ಧ ದಿನ ರಜೆ ಕೊಡಿ. ನನ್ನ ಪುಸ್ತಕದಲ್ಲಿ ‘ಒಪ್ಪಲಿಲ್ಲ’ ಅನ್ನೋ ಮಾತು ಕಡಿಮೆಯಾಗೋದಕ್ಕೆ ಅದರಿಂದ ತುಂಬ ಸಹಾಯ ಆಗುತ್ತೆ.